ಮೊದಲ ಆಲ್ಬಂಗೆ ಆರು ವರ್ಷ

ರಜೆಗೆ ಚಿತ್ತಾಕುಲಕ್ಕೆ ಬಂದವನು ಫೋನಿನಲ್ಲಿ ಹಾಡು ಹಾಕಿದ್ದೆ. ಅಡುಗೆಮನೆಯಿಂದ ಅಮ್ಮ, "ಎಂತದೋ ಮಾರಾಯಾ ಅದು ಕೂಗಾಟ?" ಅಂದ್ಲು.

ಅದು ಬೆಂಗಳೂರಿನ ಹೆವಿ ಮೆಟಲ್ ಬ್ಯಾಂಡ್ ಕ್ರಿಪ್ಟೋಸ್‌ನ ಮೊದಲ ಆಲ್ಬಂ 'ಸ್ಪೈರಲ್ ಅಸೆಂಟ್'. ಬ್ಯಾಂಡ್ ಶುರುವಾಗಿದ್ದು 1998ರಲ್ಲಿ, ಆಲ್ಬಂ ಬಂದದ್ದು 2004ರಲ್ಲಿ. ಆರು ವರ್ಷ! ಆಮೇಲೂ ಅವರು ನಿಲ್ಲಲಿಲ್ಲ. 2013ರಲ್ಲಿ ಜರ್ಮನಿಯ ವಾಕನ್ ಮೆಟಲ್ ಉತ್ಸವದಲ್ಲಿ ನುಡಿಸಿದರು. ಇನ್ನೊಂದು ಕಡೆ, ಇಂಗ್ಲೆಂಡಿನ ಬ್ಲ್ಯಾಕ್ ಸಬ್ಬತ್ 1969ರಲ್ಲಿ ತನ್ನ ಮೊದಲ ಆಲ್ಬಂನ ಹಾಡುಗಳನ್ನು ಒಂದೇ ದಿನದಲ್ಲಿ ರೆಕಾರ್ಡ್ ಮಾಡಿ ಮುಗಿಸಿತ್ತು.

ಆರು ವರ್ಷವೋ ಒಂದು ದಿನವೋ, ಎರಡೂ ಆಲ್ಬಂ ಹೊರಗೆ ಬಂದವು. ನಮ್ಮದು ಬರಲಿಲ್ಲ. ಎಂಜಿನಿಯರಿಂಗ್ ಓದುವಾಗ ನಾವು ನಾಲ್ವರು ಸೇರಿ ನಾಲ್ಕು ಹಾಡು ಕಟ್ಟಿದ್ದೆವು. "ಇನ್ನೂ ಸ್ವಲ್ಪ ಸರಿ ಮಾಡೋಣ" ಅಂತ ಮುಂದೂಡಿದೆವು. ಕೆಲಸ ಸಿಕ್ಕಿತು, ದಿಕ್ಕಿಗೊಬ್ಬರಾದೆವು.

ಆಫೀಸಿನಲ್ಲಿ ಸಣ್ಣಪುಟ್ಟ ಬಗ್ ಇದ್ದರೂ ಮೊದಲ ವರ್ಷನ್ ರಿಲೀಸ್ ಮಾಡ್ತೀವಿ, ಮುಂದಿನದರಲ್ಲಿ ಸರಿಪಡಿಸ್ತೀವಿ. ನಮ್ಮ ಹಾಡಿಗೆ ಮಾತ್ರ ಆ ಧೈರ್ಯ ಮಾಡಲಿಲ್ಲ.

ಮೊನ್ನೆ ಅಂಕೋಲೆಯಲ್ಲಿರುವ ನಮ್ಮ ಡ್ರಮ್ಮರ್‌ಗೆ ಫೋನ್ ಮಾಡಿದೆ. "ಹಾಡು ನೆನಪಿದ್ಯನಾ?"

"ಎರಡು ನೆನಪಿದೆ. ಬಾ."

ಎರಡೇ ಸಾಕು. ಈ ಭಾನುವಾರ ಫೋನಿನಲ್ಲಾದರೂ ರೆಕಾರ್ಡ್ ಮಾಡ್ತೀವಿ. ಅಮ್ಮನಿಗೆ ಕೂಗಾಟ ಅನಿಸಿದರೂ ಪರವಾಗಿಲ್ಲ, ಮೊದಲು ಕೇಳಿಸೋದು ಅವಳಿಗೇ.