ಸಂಧಿವಾತ ಇದ್ದವರ ಮೂಳೆ ಬೇಗ ಮುರಿಯುವುದೇಕೆ?

ದಾಂಡೇಲಿ, ಜೋಯಿಡಾ ಕಡೆ ಮಳೆಗಾಲದಲ್ಲಿ ಅಂಗಳ, ಬಚ್ಚಲು, ವುಝೂ ಮಾಡುವ ಕಟ್ಟೆ ಎಲ್ಲವೂ ಪಾಚಿ ಹಿಡಿದು ಜಾರುತ್ತವೆ. ಕಾಲು ಜಾರಿದರೆ ಹೆಚ್ಚಿನವರಿಗೆ ಬರೀ ಉಳುಕು. ರುಮಟಾಯ್ಡ್ ಸಂಧಿವಾತ ಇರುವವರಿಗೆ ಅಷ್ಟರಿಂದಲೇ ಮಣಿಕಟ್ಟು ಅಥವಾ ತೊಡೆಯ ಮೂಳೆ ಮುರಿಯಬಹುದು.

ಇದು ವಯಸ್ಸಾದಾಗ ಬರುವ ಮಂಡಿ ಸವೆತವಲ್ಲ. ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿ ಬೀಳುತ್ತದೆ. ಎರಡೂ ಕೈಗಳ ಗೆಣ್ಣು ಊದುತ್ತವೆ, ಬೆಳಗ್ಗೆ ಬೆರಳುಗಳು ಬಹಳ ಹೊತ್ತು ಬಿಗಿದಿರುತ್ತವೆ. ಮಹಿಳೆಯರಲ್ಲೇ ಇದು ಹೆಚ್ಚು. ಈ ಉರಿಯೂತ ಕೀಲಿಗಷ್ಟೇ ನಿಲ್ಲದೆ ದೇಹದ ಉಳಿದ ಮೂಳೆಗಳನ್ನೂ ಸವೆಸುತ್ತದೆ. ನೋವಿಗೆ ಹೆದರಿ ನಡೆದಾಟ ಬಿಟ್ಟರೆ ಸ್ನಾಯುಗಳೂ ಸೊರಗುತ್ತವೆ.

ಎರಡನೆಯ ಕಾರಣ ಸ್ಟೀರಾಯ್ಡ್. 1948ರಲ್ಲಿ ಅಮೆರಿಕದ ವೈದ್ಯ ಫಿಲಿಪ್ ಹೆಂಚ್ ಇದೇ ಕಾಯಿಲೆಯ ರೋಗಿಗೆ ಕಾರ್ಟಿಸೋನ್ ಕೊಟ್ಟಾಗ, ಏಳಲಾರದವರು ಕೆಲವೇ ದಿನಗಳಲ್ಲಿ ನಡೆದರು. 1950ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಆದರೆ ಅಡ್ಡಪರಿಣಾಮಗಳು ಬೇಗನೆ ಬಯಲಾದವು. ಪ್ರೆಡ್ನಿಸೋಲೋನ್ ಮಾತ್ರೆ ಮೂರು ತಿಂಗಳಿಗಿಂತ ಹೆಚ್ಚು ನುಂಗುವವರು ಮೂಳೆಯ ಬಗ್ಗೆ ವೈದ್ಯರನ್ನು ಕೇಳಲೇಬೇಕು. ಸಂತೆಯಲ್ಲಿ, ಅಂಗಡಿಯಲ್ಲಿ ಸಿಗುವ ಹೆಸರಿಲ್ಲದ ‘ವಾತದ ಪುಡಿ’ಗಳಲ್ಲೂ ಸ್ಟೀರಾಯ್ಡ್ ಬೆರೆತಿರುವುದುಂಟು. ಒಂದೇ ಡೋಸಿಗೆ ನೋವು ಮಾಯವಾದರೆ ಖುಷಿಗಿಂತ ಸಂಶಯವೇ ಮೇಲು. ಹಾಗೆಂದು ಬಹುಕಾಲ ಸೇವಿಸಿದ ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸಬೇಡಿ, ಅದು ಪ್ರಾಣಕ್ಕೇ ಅಪಾಯ. ವೈದ್ಯರು ಹಂತ ಹಂತವಾಗಿ ಇಳಿಸುತ್ತಾರೆ. ಮೆಥೊಟ್ರೆಕ್ಸೇಟ್‌ನಂತಹ ಔಷಧಿಯಿಂದ ಕಾಯಿಲೆ ಹತೋಟಿಗೆ ಬಂದರೆ ಸ್ಟೀರಾಯ್ಡ್ ಅಗತ್ಯವೇ ಕಡಿಮೆಯಾಗುತ್ತದೆ.

ಮೂಳೆಯ ಸಾಂದ್ರತೆಯನ್ನು ಡೆಕ್ಸಾ ಸ್ಕ್ಯಾನ್‌ನಿಂದ ಅಳೆಯುತ್ತಾರೆ. ಹುಬ್ಬಳ್ಳಿ, ಬೆಳಗಾವಿಯಂತಹ ದೊಡ್ಡ ಊರುಗಳಿಗೆ ಹೋದಾಗ ವಿಚಾರಿಸಿ. ಬೆನ್ನುಮೂಳೆ ಕುಸಿದರೆ ಎಷ್ಟೋ ಸಲ ನೋವೇ ಇರುವುದಿಲ್ಲ. ಎತ್ತರ ಕಡಿಮೆಯಾಗುವುದು, ಬೆನ್ನು ಬಾಗುವುದು ಅದರ ಗುರುತು.

ಊಟದಲ್ಲಿ ರಾಗಿ ಇರಲಿ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಾಲು, ಮೊಸರು, ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನೂ ಒಳ್ಳೆಯದು. ಮೈತುಂಬ ಬಟ್ಟೆ ತೊಟ್ಟು ಹೊರಹೋಗುವ ನಮ್ಮ ಮಹಿಳೆಯರಿಗೆ ಬಿಸಿಲು ತಾಗುವುದು ಕಡಿಮೆ. ಮನೆಯ ಹಿತ್ತಲಲ್ಲಿ ಕೈಕಾಲಿಗೆ ಬಿಸಿಲು ತಾಗಿಸಬಹುದು. ವಿಟಮಿನ್ ಡಿ ಮಾತ್ರೆ ಬೇಕೇ ಎಂಬುದನ್ನು ವೈದ್ಯರು ಹೇಳಲಿ.

ಮೂಳೆ ಗಟ್ಟಿಗೊಳಿಸಲು ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬರೀ ನೀರಿನೊಂದಿಗೆ ತೆಗೆದುಕೊಂಡು, ಅರ್ಧ ಗಂಟೆ ಏನನ್ನೂ ತಿನ್ನದೆ, ಮಲಗದೆ ಇರಬೇಕು. ರಮಝಾನ್‌ನಲ್ಲಿ ಅದರ ಹೊತ್ತನ್ನು ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಿ.