ತಡವರಿಸದೆ ಓದುವ ಮಗು: ನಿರರ್ಗಳ ಓದನ್ನು ಬೆಳೆಸುವುದು ಹೇಗೆ?

ಮೂರನೇ ತರಗತಿಯ ಮಕ್ಕಳ ಮುಂದೆ ಈ ಸಾಲನ್ನಿಡಿ: ‘ಅಜ್ಜಿ ಬುಟ್ಟಿಯಲ್ಲಿದ್ದ ಹಣ್ಣುಗಳನ್ನು ಮೊಮ್ಮಕ್ಕಳಿಗೆ ಹಂಚಿದಳು.’ ಕೆಲವರು ಒಂದೇ ಉಸಿರಿಗೆ ಓದಿ ಮುಗಿಸುತ್ತಾರೆ. ಇನ್ನು ಕೆಲವರು ಬೆರಳಿಟ್ಟುಕೊಂಡು ‘ಅ... ಜ... ಅಜ್ಜಿ, ಬು... ಟಿ... ಬುಟಿಯ... ಲಿ...’ ಎಂದು ಅಕ್ಷರಕ್ಕೆ ಅಕ್ಷರ ಕೂಡಿಸುತ್ತ ಹೇಗೋ ಕೊನೆ ಮುಟ್ಟುತ್ತಾರೆ. ಆಮೇಲೆ ‘ಅಜ್ಜಿ ಹಣ್ಣನ್ನು ಯಾರಿಗೆ ಕೊಟ್ಟಳು?’ ಎಂದು ಕೇಳಿದರೆ ಸುಮ್ಮನೆ ನಿಲ್ಲುತ್ತಾರೆ. ಇವರಿಗೆ ಅಕ್ಷರ ಗೊತ್ತು, ಅಜ್ಜಿ, ಬುಟ್ಟಿ, ಹಣ್ಣು ಎಲ್ಲವೂ ಗೊತ್ತು. ಇನ್ನೂ ಕೈಗೂಡದಿರುವುದು ನಿರರ್ಗಳ ಓದು. ಇದು ಬುದ್ಧಿಯ ಕೊರತೆ ಅಲ್ಲ, ಅಭ್ಯಾಸದ ಕೊರತೆ. ಸರಿಯಾದ ಕ್ರಮದಲ್ಲಿ ಅಭ್ಯಾಸ ಮಾಡಿಸಿದರೆ ಹೆಚ್ಚಿನ ಮಕ್ಕಳಲ್ಲಿ ನೀಗುತ್ತದೆ.

ವೇಗವೊಂದೇ ಅಲ್ಲ

ನಿರರ್ಗಳ ಓದಿನಲ್ಲಿ ಮೂರು ಗುಣಗಳು ಕೂಡಿರುತ್ತವೆ. ಪದಗಳನ್ನು ತಪ್ಪಿಲ್ಲದೆ ಗುರುತಿಸುವುದು, ಮಾತಾಡುವಷ್ಟು ಸರಾಗವಾಗಿ ಓದುವುದು, ನಿಲ್ಲಬೇಕಾದಲ್ಲಿ ನಿಂತು ಏರಿಳಿತದೊಂದಿಗೆ ಓದುವುದು. ಕೊನೆಯದು ತುಂಬ ಮುಖ್ಯ. ಅರ್ಥ ತಿಳಿದವರ ದನಿ ಮಾತ್ರ ಪ್ರಶ್ನೆಯ ಕೊನೆಗೆ ಏರುತ್ತದೆ, ಅಲ್ಪವಿರಾಮದ ಬಳಿ ನಿಲ್ಲುತ್ತದೆ.

ಓದು ಸರಾಗವಾಗದಿದ್ದರೆ ಅರ್ಥ ಏಕೆ ಜಾರಿಹೋಗುತ್ತದೆ? ಅಮೆರಿಕದ ಸಂಶೋಧಕರಾದ ಡೇವಿಡ್ ಲಬರ್ಜ್ ಮತ್ತು ಜೇ ಸ್ಯಾಮ್ಯುಯೆಲ್ಸ್ 1974ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ನಮ್ಮ ಗಮನಕ್ಕೆ ಮಿತಿಯಿದೆ. ಅದೆಲ್ಲ ಅಕ್ಷರ ಬಿಡಿಸುವುದಕ್ಕೇ ಖರ್ಚಾದರೆ ಅರ್ಥ ಹಿಡಿಯಲು ಏನೂ ಉಳಿಯುವುದಿಲ್ಲ. ಪದ ಕಂಡ ಕೂಡಲೇ ಉಚ್ಚಾರ ತಾನಾಗಿ ಬಾಯಿಗೆ ಬರುವಂತಾದರೆ ಗಮನವೆಲ್ಲ ಕಥೆಯ ಕಡೆಗೆ ತಿರುಗುತ್ತದೆ.

ಕನ್ನಡ ಓದುವ ಮಗು ಎಲ್ಲಿ ತೊಡರುತ್ತದೆ?

ವರ್ಣಮಾಲೆಯ 49 ಅಕ್ಷರ ಕಲಿತರೆ ಓದು ಬಂತು ಎಂದುಕೊಳ್ಳುವವರು ಬಹಳ. ಆದರೆ ಪುಸ್ತಕದಲ್ಲಿ ಮಗು ಎದುರಿಸುವುದು 34 ವ್ಯಂಜನಗಳ ಕಾಗುಣಿತವನ್ನು, ಅದರ ಮೇಲೆ ಒತ್ತಕ್ಷರಗಳನ್ನು. ರೂಪಗಳ ಸಂಖ್ಯೆ ನೂರಾರು. ಕನ್ನಡ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಅಕ್ಷರ ಕಲಿಕೆ ಒಂದೆರಡು ವರ್ಷಕ್ಕೆ ಮುಗಿಯುವುದಿಲ್ಲ, ನಾಲ್ಕನೇ ತರಗತಿಯವರೆಗೂ ಸಾಗುತ್ತದೆ ಎಂದು ತೋರಿಸಿತು.

ಮೇಲಿನ ಅಜ್ಜಿಯ ಸಾಲನ್ನೇ ನೋಡಿ. ಇರುವುದು ಐದು ಪದ, ಅದರಲ್ಲಿ ಎಂಟು ಒತ್ತಕ್ಷರ. ‘ಶಕ್ತಿ’ಯನ್ನು ಮಗು ‘ಶಕಿತ’ ಎಂದು ಓದಿದರೆ ಅದಕ್ಕೂ ಕಾರಣವಿದೆ. ಗುಡಿಸು ‘ಕ’ದ ಮೇಲೆ ಕೂತಿದೆ, ‘ತ’ ಒತ್ತು ಕೆಳಗಿದೆ. ಕಣ್ಣಿಗೆ ಕಂಡ ಕ್ರಮದಲ್ಲಿ ಓದಿದರೆ ‘ಕಿತ’ ಎಂದೇ ಆಗುತ್ತದೆ. ‘ಸೂರ್ಯ’ದಲ್ಲಿ ಅರ್ಕಾವೊತ್ತು ‘ಯ’ದ ಆಚೆಗೆ ಬರೆದಿದ್ದರೂ ಅದರ ಉಚ್ಚಾರ ಮೊದಲು. ಒತ್ತುಗಳಲ್ಲಿ ಹೆಚ್ಚಿನವು ಮೂಲ ಅಕ್ಷರವನ್ನೇ ಹೋಲುತ್ತವೆ. ತ, ನ, ಮ, ಯ, ರ, ಲ ಒತ್ತುಗಳು ಮಾತ್ರ ಬೇರೆಯೇ ರೂಪದಲ್ಲಿರುತ್ತವೆ. ಇವನ್ನು ಪ್ರತ್ಯೇಕವಾಗಿ, ಪದಗಳ ಜೊತೆಗೇ ಕಲಿಸಬೇಕು.

ಇನ್ನೊಂದು ತೊಡಕು ಪದಗಳ ಉದ್ದ. ‘ಹಣ್ಣುಗಳನ್ನು’ ಎಂಬಲ್ಲಿ ಹಣ್ಣು, ಗಳು, ಅನ್ನು ಮೂರೂ ಸೇರಿವೆ. ಗಳು, ಅಲ್ಲಿ, ಅನ್ನು, ಇಂದ, ಇಗೆ, ಉತ್ತಾನೆ, ಉತ್ತಾಳೆ ಮುಂತಾದವು ಪ್ರತಿ ಪುಟದಲ್ಲೂ ಮತ್ತೆಮತ್ತೆ ಬರುತ್ತವೆ. ಇವನ್ನು ಇಡಿಯಾಗಿ ಗುರುತಿಸಲು ಕಲಿತ ಮಗುವಿಗೆ ಉದ್ದನೆಯ ಪದದ ಅರ್ಧ ಭಾರ ಇಳಿಯುತ್ತದೆ. ಕಪ್ಪುಹಲಗೆಯ ಮೇಲೆ ಮನೆ, ಮನೆಗಳು, ಮನೆಗಳಲ್ಲಿ, ಮನೆಗಳಲ್ಲಿದ್ದ ಎಂದು ಒಂದರ ಕೆಳಗೊಂದು ಬರೆದು ಓದಿಸಿದರೆ ಪದ ಬೆಳೆಯುವ ಬಗೆ ಮಗುವಿಗೆ ಕಾಣುತ್ತದೆ.

ಒಂದು ನಿಮಿಷದ ಪರೀಕ್ಷೆ

ಮಗು ಹಿಂದೆ ಓದಿರದ ಸರಳ ಭಾಗವೊಂದನ್ನು ಆರಿಸಿ. ಪಾಠಪುಸ್ತಕದ್ದು ಬೇಡ, ಅದು ಎಷ್ಟೋ ಮಕ್ಕಳಿಗೆ ಬಾಯಿಪಾಠವಾಗಿರುತ್ತದೆ. ಗಡಿಯಾರ ನೋಡಿಕೊಂಡು ಒಂದು ನಿಮಿಷ ಗಟ್ಟಿಯಾಗಿ ಓದಿಸಿ, ತಪ್ಪಿದ ಪದಗಳಿಗೆ ನಿಮ್ಮ ಪ್ರತಿಯಲ್ಲಿ ಗುರುತು ಹಾಕಿ. 52 ಪದ ಓದಿ 6 ತಪ್ಪಿದರೆ ಸರಿಯಾಗಿ ಓದಿದ್ದು 46. ಮಗು ತಾನೇ ತಿದ್ದಿಕೊಂಡದ್ದು ತಪ್ಪಲ್ಲ. ಕೊನೆಗೆ ಕಥೆಯ ಬಗ್ಗೆ ಎರಡು ಪ್ರಶ್ನೆ ಕೇಳಿ. ಪ್ರಶ್ನೆ ಇಲ್ಲದಿದ್ದರೆ ಈ ಪರೀಕ್ಷೆ ಅಪೂರ್ಣ.

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಆರಂಭಿಸಿದ ನಿಪುಣ್ ಭಾರತ್ ಯೋಜನೆ ಮೂರನೇ ತರಗತಿಯ ಕೊನೆಗೆ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಮಾಡಿಕೊಂಡು ಓದಬೇಕು ಎಂಬ ಗುರಿ ಇಟ್ಟಿತು. ಕನ್ನಡದ ಒಂದು ಪದದಲ್ಲಿ ಇಂಗ್ಲಿಷಿನ ಮೂರ್ನಾಲ್ಕು ಪದಗಳ ಹುರುಳಿರುವುದುಂಟು. ಹಾಗಾಗಿ ಆ ಅಂಕಿಯನ್ನು ಒಂದು ಅಂದಾಜಾಗಿ ಇಟ್ಟುಕೊಂಡು, ಮಗುವಿನ ಹಿಂದಿನ ತಿಂಗಳ ಓದಿಗೆ ಈ ತಿಂಗಳದ್ದನ್ನು ಹೋಲಿಸುವುದು ಒಳ್ಳೆಯದು. ಪಕ್ಕದ ಮಗುವಿನೊಡನೆ ಹೋಲಿಕೆ ಬೇಡ.

ತರಗತಿಯಲ್ಲಿ ದಿನಕ್ಕೆ ಹದಿನೈದು ನಿಮಿಷ

ಒಬ್ಬರಾದ ಮೇಲೊಬ್ಬರನ್ನು ಎಬ್ಬಿಸಿ ಒಂದೊಂದು ಸಾಲು ಓದಿಸುವುದು ನಮ್ಮ ಶಾಲೆಗಳ ಹಳೆಯ ರೂಢಿ. 40 ನಿಮಿಷದ ಅವಧಿಯಲ್ಲಿ 30 ಮಕ್ಕಳಿದ್ದರೆ ಒಬ್ಬೊಬ್ಬರ ಪಾಲಿಗೆ ಬರುವುದು ಒಂದು ನಿಮಿಷ ಚಿಲ್ಲರೆ. ಉಳಿದ ಹೊತ್ತೆಲ್ಲ ತನ್ನ ಸರದಿ ಯಾವಾಗ ಬರುತ್ತದೋ ಎಂಬ ಭಯ. ಅದರ ಬದಲು ಹೀಗೆ ಮಾಡಬಹುದು.

1. ಐವತ್ತರಿಂದ ನೂರು ಪದಗಳ ಕಥಾಭಾಗವನ್ನು ಶಿಕ್ಷಕರು ಮೊದಲು ಭಾವ ತುಂಬಿ ಓದಲಿ. ಮಕ್ಕಳು ಪುಸ್ತಕದಲ್ಲಿ ಬೆರಳಿಟ್ಟು ಹಿಂಬಾಲಿಸಲಿ.

2. ಕಷ್ಟದ ನಾಲ್ಕೈದು ಪದಗಳನ್ನು ಹಲಗೆಯ ಮೇಲೆ ಬಿಡಿಸಿ ತೋರಿಸಲಿ.

3. ಸಾಲನ್ನು ಅರ್ಥಕ್ಕೆ ತಕ್ಕಂತೆ ಗೆರೆ ಎಳೆದು ಒಡೆಯಲಿ: ‘ಅಜ್ಜಿ / ಬುಟ್ಟಿಯಲ್ಲಿದ್ದ ಹಣ್ಣುಗಳನ್ನು / ಮೊಮ್ಮಕ್ಕಳಿಗೆ ಹಂಚಿದಳು.’ ಎಲ್ಲರೂ ಒಟ್ಟಿಗೆ ಹಾಗೆಯೇ ಓದಲಿ.

4. ಆಮೇಲೆ ಜೋಡಿ ಓದು. ಚೆನ್ನಾಗಿ ಓದುವ ಮಗುವೂ ತಡವರಿಸುವ ಮಗುವೂ ಜೊತೆಗೆ ಕೂರಲಿ. ಒಬ್ಬರು ಓದುವಾಗ ಇನ್ನೊಬ್ಬರು ಕೇಳಲಿ. ಹೀಗೆ ಒಂದೇ ಹೊತ್ತಿಗೆ ತರಗತಿಯ ಅರ್ಧದಷ್ಟು ಮಕ್ಕಳು ಓದುತ್ತಿರುತ್ತಾರೆ.

5. ಅದೇ ಭಾಗವನ್ನು ಮೂರ್ನಾಲ್ಕು ದಿನ ಮತ್ತೆಮತ್ತೆ ಓದಿಸಲಿ.

ಮರುಓದು ಎಂಬ ಈ ಕೊನೆಯ ಹೆಜ್ಜೆಯೇ ಇಡೀ ಕ್ರಮದ ಜೀವಾಳ. ಸ್ಯಾಮ್ಯುಯೆಲ್ಸ್ 1979ರಲ್ಲಿ ಇದನ್ನು ಒಂದು ಪದ್ಧತಿಯಾಗಿ ವಿವರಿಸಿದ್ದರು. ಸಣ್ಣ ಭಾಗವೊಂದನ್ನು ಸರಾಗವಾಗುವವರೆಗೆ ಓದಿ ಮುಂದಿನದಕ್ಕೆ ಹೋದಾಗ, ಆ ಹೊಸ ಭಾಗದ ಮೊದಲ ಓದೇ ಹಿಂದಿನದಕ್ಕಿಂತ ಸುಲಭವಾಗಿರುತ್ತದೆ.

ಭಾಗದ ಆಯ್ಕೆಯೂ ಮುಖ್ಯ. ನೂರು ಪದಗಳಲ್ಲಿ ಹತ್ತಕ್ಕಿಂತ ಹೆಚ್ಚು ತಪ್ಪಿದರೆ ಅದು ಆ ಮಗುವಿಗೆ ಇನ್ನೂ ಕಷ್ಟ, ಕೆಳಗಿನ ಹಂತದ್ದನ್ನು ಕೊಡಿ. ಮಕ್ಕಳನ್ನು ತರಗತಿಯಿಂದಲ್ಲ, ಕಲಿಕೆಯ ಹಂತದಿಂದ ಗುರುತಿಸುವುದು ಕರ್ನಾಟಕಕ್ಕೆ ಹೊಸದೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಎಂಬ ಬೋಧನಾ ಪದ್ಧತಿಯ ತಿರುಳೂ ಅದೇ.

ತಿದ್ದುವಾಗ

ಮಗು ಎಡವಿದ ತಕ್ಷಣ ಬಾಯಿ ಹಾಕಬೇಡಿ. ಎರಡು ಮೂರು ಸೆಕೆಂಡು ಕಾಯಿರಿ, ಎಷ್ಟೋ ಸಲ ತಾನೇ ಸರಿಪಡಿಸಿಕೊಳ್ಳುತ್ತದೆ. ಆಗದಿದ್ದರೆ ಪದವನ್ನು ಹೇಳಿಕೊಟ್ಟು ಸಾಲನ್ನು ಮೊದಲಿನಿಂದ ಓದಿಸಿ. ‘ಹಾಲು’ ಎಂಬುದನ್ನು ಮನೆಯ ರೂಢಿಯಂತೆ ‘ಆಲು’ ಎಂದು ಓದಿದ ಮಗು ಪದವನ್ನು ಸರಿಯಾಗಿಯೇ ಗುರುತಿಸಿದೆ. ಅದನ್ನು ಓದಿನ ತಪ್ಪುಗಳಲ್ಲಿ ಎಣಿಸಬಾರದು.

ಮನೆಯಲ್ಲಿ ಉರ್ದು, ತುಳು, ಲಂಬಾಣಿ, ತೆಲುಗು ಅಥವಾ ಮರಾಠಿ ಮಾತಾಡುವ ಮಗುವಿಗೆ ಕಥೆಯನ್ನು ಮೊದಲು ಚಿತ್ರ ತೋರಿಸಿ ಬಾಯಲ್ಲಿ ಹೇಳಬೇಕು, ಅದರ ಮಾತುಗಳನ್ನು ಆಡಿಸಬೇಕು. ಕಿವಿಗೆ ಬೀಳದ ಪದವನ್ನು ಕಣ್ಣು ಬೇಗ ಗುರುತಿಸುವುದಿಲ್ಲ.

ಎಷ್ಟು ಅಭ್ಯಾಸ ಮಾಡಿಸಿದರೂ ಅಕ್ಷರಗಳು ನಿಲ್ಲದಿದ್ದರೆ ಕಣ್ಣು, ಕಿವಿ ತೋರಿಸಿ, ಕಲಿಕೆಯ ತೊಂದರೆ ಬಲ್ಲ ತಜ್ಞರನ್ನು ಕಾಣಬೇಕು. ‘ದಡ್ಡ’ ಎಂಬ ಪದ ಯಾರ ಬಾಯಲ್ಲೂ ಬರಬಾರದು.

ಮನೆಯವರ ಪಾಲು

ಓದು ಬಾರದ ಅಪ್ಪ ಅಮ್ಮನೂ ನೆರವಾಗಬಲ್ಲರು. ಮಗು ಓದುವಾಗ ಹತ್ತು ನಿಮಿಷ ಪಕ್ಕದಲ್ಲಿ ಕೂತು ಕೇಳಿ, ‘ಆಮೇಲೆ ಏನಾಯ್ತು?’ ಎಂದರೆ ಸಾಕು. ಅಣ್ಣ, ಅಕ್ಕ ಇದ್ದರೆ ಒಂದು ಸಾಲು ಅವರು, ಒಂದು ಸಾಲು ಮಗು ಓದಬಹುದು.

ಪುಸ್ತಕಕ್ಕೆ ಬರವಿಲ್ಲ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಹಂತಹಂತವಾಗಿ ಜೋಡಿಸಿದ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ಕೊಡಲಾಗಿದೆ.

ನಾಲ್ಕನೇ ತರಗತಿಯಿಂದ ಮುಂದೆ ಗಣಿತದ ಲೆಕ್ಕವೂ ವಿಜ್ಞಾನದ ಪಾಠವೂ ಪರಿಸರದ ಪ್ರಶ್ನೆಯೂ ಓದಿನ ಮೂಲಕವೇ ಮಗುವನ್ನು ತಲುಪುತ್ತವೆ. ಓದು ಕುಂಟಿದರೆ ಎಲ್ಲ ವಿಷಯಗಳೂ ಕುಂಟುತ್ತವೆ. ಆದ್ದರಿಂದ ಪಾಠ ಮುಗಿಸುವ ಅವಸರ ಎಷ್ಟೇ ಇದ್ದರೂ, ಪ್ರತಿಯೊಂದು ಮಗುವೂ ದಿನಕ್ಕೊಮ್ಮೆ ಗಟ್ಟಿಯಾಗಿ ಓದುವ, ಅದನ್ನು ಯಾರಾದರೂ ಕಿವಿಗೊಟ್ಟು ಕೇಳುವ ಹದಿನೈದು ನಿಮಿಷವನ್ನು ಶಾಲೆಯ ವೇಳಾಪಟ್ಟಿಯಲ್ಲಿ ಕಡ್ಡಾಯವಾಗಿ ಎತ್ತಿಡಬೇಕು.