ದೂರದ ಸೇವೆಗೆ ಹತ್ತಿರದ ಪಾಠ

ಗದಗ ತಾಲೂಕಿನ ಹಿರೇಹಂದಿಗೋಳದಂಥ ಎರೆಸೀಮೆಯ ಊರಲ್ಲಿ ತೆನೆದೂಗುವ ಜೋಳವು ಮೂಲತಃ ಆಫ್ರಿಕಾ ಖಂಡದ ಬೆಳೆಯೆಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಸಹಸ್ರಾರು ವರ್ಷಗಳ ಹಿಂದೆ ಅದು ಈ ನಾಡಿಗೆ ಬಂದು ನಮ್ಮ ರೊಟ್ಟಿಯಾಯಿತು. ಸುಡಾನ ದೇಶದ ಒಕ್ಕಲಿಗನು ಇಂದಿಗೂ ಅದೇ ಕಾಳನ್ನು ನಂಬಿ ಮಳೆಯ ದಾರಿ ಕಾಯುವನು. ಹೀಗಿರಲು, ನಮ್ಮ ಹಳ್ಳಿಯ ಪದವೀಧರ ತರುಣಿಯೊಬ್ಬಳು, "ದೇಶದೇಶಗಳ ಬಡವರ ಏಳಿಗೆಗಾಗಿ ದುಡಿಯುವ ವಿದ್ಯೆಯನ್ನು ಕಲಿಯುವೆನು" ಎಂದರೆ ಮನೆಯವರು ನಗಬೇಕಾದ ಕಾರಣವಿಲ್ಲ. ಆದರೆ ಆ ವಿದ್ಯೆ ಯಾವುದು, ಎಲ್ಲಿ ದೊರೆಯುವದು, ಹೊಟ್ಟೆಗೆ ಹಿಟ್ಟಾಗುವದೇ ಎಂದು ಕೇಳುವದು ತಂದೆತಾಯಿಗಳ ಹಕ್ಕೇ ಸರಿ.

ಬಡತನವು ಒಂದೇ ಕಾರಣದಿಂದ ಹುಟ್ಟುವಂಥದಲ್ಲ. ಕೂಸು ಪದೇ ಪದೇ ಬೇನೆ ಬೀಳುತ್ತಿದ್ದರೆ ವೈದ್ಯನು ಮದ್ದು ಕೊಟ್ಟಾನು. ಆದರೆ ಬೇನೆಗೆ ಕಾರಣ ಕೆಟ್ಟ ನೀರು. ನೀರು ಕೆಡುವದಕ್ಕೆ ಕಾರಣ ಹೂಳು ತುಂಬಿದ ಕೆರೆ. ಹೂಳೆತ್ತದಿರುವದಕ್ಕೆ ಕಾರಣ ಊರವರಲ್ಲಿಯ ಒಡಕು. ಈ ಸರಪಳಿಯನ್ನು ಕೊನೆಯ ಕೊಂಡಿಯವರೆಗೆ ಹಿಡಿದು ನೋಡಬಲ್ಲವರು ಬೇಕೆಂದೇ ಅಮೇರಿಕೆಯ ಕೊಲಂಬಿಯಾ ವಿಶ್ವವಿದ್ಯಾಲಯವು 2009ರಲ್ಲಿ ಅಭಿವೃದ್ಧಿ ಕಾರ್ಯದ ಸ್ನಾತಕೋತ್ತರ ಶಿಕ್ಷಣವನ್ನು ಆರಂಭಿಸಿತು. ಆರೋಗ್ಯ, ನಿಸರ್ಗವಿಜ್ಞಾನ, ಸಮಾಜವಿಜ್ಞಾನ, ಕಾರ್ಯನಿರ್ವಹಣೆ ಎಂಬ ನಾಲ್ಕನ್ನೂ ಅಲ್ಲಿ ಒಟ್ಟಿಗೆ ಕಲಿಸುವರು. ಕಲಿತುದನ್ನು ಜನರ ನಡುವೆ ಹೋಗಿ ಒರೆಗೆ ಹಚ್ಚಿಸುವರು. ಬಳಿಕ ಬೇರೆ ದೇಶಗಳಲ್ಲಿಯೂ ಇಂಥ ಶಿಕ್ಷಣ ಹಬ್ಬಿತು.

ಇದಕ್ಕಾಗಿ ಮೊದಲ ಹೆಜ್ಜೆಯಲ್ಲಿಯೇ ಕಡಲು ದಾಟಬೇಕಾದುದಿಲ್ಲ. ನಮ್ಮ ಗದಗದಲ್ಲಿಯೇ 2016ರ ಕಾಯಿದೆಯ ಮೇರೆಗೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವು ಸ್ಥಾಪಿತವಾಗಿದೆ. ನಾಗಾವಿಯ ಬಳಿಯಿರುವ ಈ ವಿದ್ಯಾಸ್ಥಾನಕ್ಕೆ ಈಗ ಮಹಾತ್ಮ ಗಾಂಧಿಯವರ ಹೆಸರಿದೆ. ಗ್ರಾಮೀಣಾಭಿವೃದ್ಧಿ, ಸಮಾಜಕಾರ್ಯ, ಸಾರ್ವಜನಿಕ ಆರೋಗ್ಯ ಮೊದಲಾದ ವಿಷಯಗಳಲ್ಲಿ ಪದವೀಧರರು ಇಲ್ಲಿ ಮುಂದಿನ ಶಿಕ್ಷಣವನ್ನು ಪಡೆಯಬಹುದು. ಹಳ್ಳಿಯ ಮಕ್ಕಳಿಗೆ ಹಳ್ಳಿಯೇ ಶಾಸ್ತ್ರವಾಗುವದು ಸಣ್ಣ ಮಾತಲ್ಲ.

ಪರದೇಶದ ವಿಚಾರವು ಹಳ್ಳಿಯಲ್ಲಿ ಬೇರೂರುವ ಬಗೆಯನ್ನು ತಿಳಿಯಬೇಕಾದರೆ ಅದೇ ಗದಗ ತಾಲೂಕಿನ ಕಣಗಿನಹಾಳದ ಕಥೆಯನ್ನು ನೆನೆಯಬೇಕು. ಜರ್ಮನಿಯಲ್ಲಿ ರೈಫೈಸನ್ ಎಂಬ ಸಜ್ಜನನು 19ನೆಯ ಶತಮಾನದ ನಡುವಿನಲ್ಲಿ ಬಡ ರೈತರನ್ನು ಕೂಡಿಸಿ ಸಾಲದ ಸಂಘಗಳನ್ನು ಕಟ್ಟಿದನು. ಒಬ್ಬನಿಗೆ ಕೊಟ್ಟ ಸಾಲಕ್ಕೆ ಎಲ್ಲರೂ ಹೊಣೆ. ನೆರೆಯವನ ನಡತೆಯೇ ಅಡವು. ಮದ್ರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಯುರೋಪದ ಇಂಥ ಸಂಘಗಳನ್ನು ಅಭ್ಯಸಿಸಿ 1895 ಮತ್ತು 1897ರಲ್ಲಿ ವರದಿಗಳನ್ನು ಬರೆದನು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯಾಯಿತು. ಮರುವರುಷವೇ, ಎಂದರೆ 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಹುಟ್ಟುಹಾಕಿದರು. ಏಷ್ಯಾ ಖಂಡದಲ್ಲಿಯೇ ಮೊದಲನೆಯದೆಂಬ ಕೀರ್ತಿ ಅದಕ್ಕೆ ಸಂದಿದೆ.

ವಾಚಕರೇ, ಇಲ್ಲಿ ವಿಚಾರ ಮಾಡಿರಿ. ಯೋಜನೆ ಜರ್ಮನಿಯದು, ವರದಿ ಮದ್ರಾಸಿನದು, ಕಾಯಿದೆ ಸರಕಾರದ್ದು. ಆದರೆ ಯಾರಿಗೆ ಎಷ್ಟು ಸಾಲ ಬೇಕು, ಯಾರ ಮಾತು ನಂಬಿಗೆಯದು ಎಂಬುದನ್ನು ಅರಿತವನು ಊರವನೇ. ಊರವನ ಆ ಅರಿವಿಲ್ಲದಿದ್ದರೆ ಕಾಯಿದೆಯು ಕಾಗದವಾಗಿಯೇ ಉಳಿಯುತ್ತಿತ್ತು. ಪರನಾಡಿಗೆ ಹೋಗುವ ನಮ್ಮ ಮಕ್ಕಳಿಗೂ ಇದೇ ಪಾಠ. ಅಲ್ಲಿ ಊರವರು ಬೇರೆಯವರು, ಇವರು ಅತಿಥಿಗಳು. ಹೇಳುವದಕ್ಕಿಂತ ಮೊದಲು ಕೇಳುವದನ್ನು ಕಲಿಯದವನ ಪದವಿಯಿಂದ ಬಡವನಿಗೆ ಹಾನಿಯೇ ಹೆಚ್ಚು.

ಕಾರಣ ಹಿರಿಯರಿಗೆ ನಮ್ಮ ಬಿನ್ನಹವಿಷ್ಟೇ. ಸಾಲ ಮಾಡಿ ಪರದೇಶಕ್ಕೆ ಕಳಿಸುವ ಮೊದಲು ಮಗನೋ ಮಗಳೋ ಒಂದೆರಡು ವರುಷ ಇಲ್ಲಿಯ ಹಳ್ಳಿಗಳಲ್ಲಿ ದುಡಿಯಲಿ. ಇಂಥ ಉದ್ಯೋಗಗಳಿಗೆ ಪದವಿಯಷ್ಟೇ ಅನುಭವವನ್ನೂ ಕೇಳುವರು. ಇಂಗ್ಲಿಷಿನ ಜೊತೆಗೆ ಫ್ರೆಂಚ್, ಸ್ಪ್ಯಾನಿಷ್ ಅಥವಾ ಅರಬ್ಬಿ ಭಾಷೆಯೊಂದನ್ನು ಕಲಿಯಲಿ. ಅವು ಸಂಯುಕ್ತ ರಾಷ್ಟ್ರಸಂಘದ 6 ಅಧಿಕೃತ ಭಾಷೆಗಳೊಳಗಿನವು. ಅನೇಕ ನೌಕರಿಗಳು ಕೆಲವೇ ವರುಷಗಳ ಕರಾರಿನವೆಂಬುದನ್ನೂ ಮೊದಲೇ ತಿಳಿದಿರಲಿ.

ಇಷ್ಟನ್ನೂ ಅರಿತು ಮಗಳು ಹೊರಟರೆ ಸಂತೋಷದಿಂದ ಕಳಿಸಿರಿ. ಜೋಳವು ಆಫ್ರಿಕದಿಂದ ಬಂದು ನಮ್ಮನ್ನು ಸಾಕಿತು. ಆ ಋಣವನ್ನು ತೀರಿಸಲು ನಮ್ಮ ಮನೆಯಿಂದೊಬ್ಬಳು ಹೋಗುವದು ತಕ್ಕುದೇ ಆಗಿದೆ.